ರೇಡಿಯೇಟರ್ ಫ್ಯಾನಿಗೆ ರಿಲೇ ಜೋಡಿಸುವ ಕ್ರಮ

12 ವೋಲ್ಟ್ ಕಾರಿನ ರೇಡಿಯೇಟರ್ ಫ್ಯಾನು ಸಾಮಾನ್ಯವಾಗಿ 10ರಿಂದ 20 ಆಂಪಿಯರ್ ಕರೆಂಟನ್ನು ಎಳೆಯುತ್ತದೆ. ಅದನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ನೇರವಾಗಿ ಓಡಿಸಿದರೆ ಸ್ವಿಚ್ಚು ಸುಟ್ಟುಹೋಗುವ ಅಪಾಯವಿದೆ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ವಿದ್ಯುತ್ ಸ್ವಿಚ್ಚು; ಅದನ್ನು ಎಳೆದು ಆನ್ ಮಾಡುವ ಕಾಯಿಲ್‌ಗಾದರೋ (ತಂತಿ ಸುರುಳಿ) ಸುಮಾರು 0.2 ಆಂಪಿಯರ್ ಸಾಕು, ಅಷ್ಟನ್ನು ಸಣ್ಣ ಸ್ವಿಚ್ಚು ತಡೆದುಕೊಳ್ಳುತ್ತದೆ.

ಎಂಜಿನ್ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ವೈರನ್ನು ಕಳಚಿ ಕೆಲಸ ಆರಂಭಿಸಿ. 40 ಆಂಪಿಯರಿನ, ನಾಲ್ಕು ಪಿನ್ನಿನ ರಿಲೇ ಸಾಕು. ಬ್ಯಾಟರಿಯ ಪಾಸಿಟಿವ್‌ನಿಂದ 4 ಚದರ ಮಿಲಿಮೀಟರಿನ ವೈರನ್ನು 30 ಆಂಪಿಯರಿನ ಫ್ಯೂಸಿನ ಮೂಲಕ 30ನೇ ಪಿನ್ನಿಗೂ, ಅದೇ ದಪ್ಪದ ಇನ್ನೊಂದನ್ನು 87ನೇ ಪಿನ್ನಿನಿಂದ ಫ್ಯಾನಿನ ಪಾಸಿಟಿವ್‌ಗೂ ಎಳೆಯಿರಿ. ಫ್ಯಾನಿನ ನೆಗೆಟಿವ್ ವೈರನ್ನು ಬಣ್ಣ ಕೆರೆದು ಹೊಳಪಾಗಿಸಿದ ಚಾಸಿಗೆ ಬಿಗಿಯಿರಿ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲೇಬೇಕು, ಏಕೆಂದರೆ ಅವೆರಡರ ನಡುವಿನ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಕರೆಂಟನ್ನು ತಡೆಯುವಂಥದ್ದು ಏನೂ ಇರುವುದಿಲ್ಲ ಮತ್ತು ಬೆಂಕಿ ಹೊತ್ತಿಕೊಳ್ಳಬಹುದು.

86ನೇ ಪಿನ್ನಿಗೆ ಇಗ್ನಿಷನ್ ಆನ್ ಆದಾಗ ಮಾತ್ರ ಬರುವ, ಫ್ಯೂಸು ಇರುವ ಪಾಸಿಟಿವ್ ಕೊಡಿ. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇಯಾದರೆ ಇದನ್ನು 85ರೊಡನೆ ಅದಲುಬದಲು ಮಾಡುವಂತಿಲ್ಲ. 85ನೇ ಪಿನ್ನನ್ನು ರೇಡಿಯೇಟರಿನ ಥರ್ಮೋ ಸ್ವಿಚ್ಚಿನ (ಬಿಸಿ ಏರಿದಾಗ ತಾನೇ ಆನ್ ಆಗುವ ಸ್ವಿಚ್ಚು) ಮೂಲಕ ಅರ್ಥ್ ಮಾಡಿ, ಅಂದರೆ ಚಾಸಿಗೆ ಜೋಡಿಸಿ. ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ಥರ್ಮೋ ಸ್ವಿಚ್ಚಿಗೆ ಪ್ಯಾರಲಲ್ ಆಗಿಯೇ, ಅಂದರೆ ಒಂದು ತುದಿ 85ನೇ ಪಿನ್ನಿಗೂ ಇನ್ನೊಂದು ಚಾಸಿಗೂ ಬರುವಂತೆ, ಜೋಡಿಸಬೇಕು. ಹಾಗಿದ್ದರೆ ಥರ್ಮೋ ಸ್ವಿಚ್ಚು ಕೈಕೊಟ್ಟ ದಿನವೂ ಘಾಟಿ ಏರುವಾಗ ನೀವೇ ಫ್ಯಾನನ್ನು ಹಾಕಿಕೊಳ್ಳಬಹುದು.