ತುಮಕೂರಿನಲ್ಲಿ ಪ್ರೆಷರ್ ವಾಷಿಂಗ್‌ಗೆ ಆನ್‌ಲೈನ್ ಗಿರಾಕಿ: ನನ್ನ ಅನುಭವ

"ತುಮಕೂರಲ್ಲಿ ಪಾಚಿ ತೊಳೆಸೋಕೆ ಯಾರು ಗೂಗಲ್ ನೋಡ್ತಾರೆ ಗುರೂ? ಒಂದು ಪೊರಕೆ, ಒಂದು ಕೆಜಿ ಬ್ಲೀಚಿಂಗ್ ಪೌಡರ್ ಇದ್ರೆ ಮುಗೀತು." ಹೀಗೆ ಹೇಳಿದವರು ಹೊರಗಿನವರಲ್ಲ, ನಮ್ಮ ಲೈನಿನವರೇ. ನಮ್ಮ ಲೈನು ಪ್ರೆಷರ್ ವಾಷಿಂಗ್, ಅಂದರೆ ಮಷೀನಿನಿಂದ ಜೋರಾಗಿ ನೀರು ಹೊಡೆದು ಟೆರೇಸ್, ಗೋಡೆಯೆಲ್ಲ ತೊಳೆಯುವ ಕೆಲಸ. ಈಗ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ತಿಂಗಳಿಗೆ ಹೆಚ್ಚುಕಡಿಮೆ 40 ಕೆಲಸ ಸಿಗುತ್ತವೆ. ಅದರಲ್ಲಿ ಮುಕ್ಕಾಲು ಪಾಲು ಮೊಬೈಲ್ ನೋಡಿ ಕರೆ ಮಾಡಿದವರದೇ. ಜಾಹೀರಾತಿಗೆ ಸದ್ಯಕ್ಕೆ ಒಂದು ರೂಪಾಯಿಯೂ ಹಾಕುತ್ತಿಲ್ಲ. ಅವತ್ತು ನಕ್ಕವರೇ ಈಗ "ಹೆಂಗೆ ಮಾಡಿದೆ" ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮಷೀನು, ನಾಜಲ್, ಎಷ್ಟು ಬಾರ್ ಒತ್ತಡ ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡೋಣ.

ಮೊದಲು ದುಡ್ಡು ಹೋದ ಲೆಕ್ಕ. ಕೆಲಸ ಬೇಕಾದವರ ನಂಬರ್ ನಮ್ಮಂಥವರಿಗೆ ಕೊಡುವ ಒಂದು ಲಿಸ್ಟಿಂಗ್ ಕಂಪನಿಯ ಪ್ಯಾಕೇಜ್ ತಗೊಂಡೆ, ವರ್ಷಕ್ಕೆ 20 ಸಾವಿರದ ಮೇಲೆ. ಲೀಡ್, ಅಂದರೆ ಗಿರಾಕಿಯ ನಂಬರು, ಬರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅದೇ ನಂಬರು ಇನ್ನೂ ನಾಲ್ಕೈದು ಜನರಿಗೆ ಹೋಗಿರುತ್ತಿತ್ತು. ನಾನು ಕರೆ ಮಾಡುವ ಹೊತ್ತಿಗೆ ಆ ಕಡೆಯವರು ರೋಸಿಹೋಗಿರುತ್ತಿದ್ದರು. "ಇನ್ನೂ ಎಷ್ಟು ಜನ ಇದ್ದೀರ್ರೀ?" ಅಂತ ಬೈದು ಇಡುತ್ತಿದ್ದರು. ಮಾತಿಗೆ ಸಿಕ್ಕವರ ಜೊತೆ ಬರೀ ರೇಟಿನ ಜಗಳ. 30×40 ಅಡಿ ಸೈಟಿನ ಮನೆ ಟೆರೇಸಿಗೆ ನಾನು ಹೇಳುವುದು 2,500ರ ಆಸುಪಾಸು. ಅಲ್ಲಿ ಅದು 1,200ಕ್ಕೆ ಇಳಿಯುತ್ತಿತ್ತು. ಡೀಸೆಲ್, ಹುಡುಗನ ಕೂಲಿ ಕಳೆದರೆ ಉಳಿಯುವುದು ಟೀ ಕಾಸು.

ಆಮೇಲೆ ಗೂಗಲ್ ಜಾಹೀರಾತು. "ಪ್ರೆಷರ್ ವಾಷಿಂಗ್ ತುಮಕೂರು" ಅಂತ ಹುಡುಕಿದವರಿಗೆ ಜಾಹೀರಾತು ಕಾಣಲಿ ಅಂತ ಅದನ್ನೇ ಕೀವರ್ಡ್ ಹಾಕಿ ಕೂತೆ. ಮೊದಲ ವಾರ ಬಂದ ಕರೆಗಳನ್ನು ಕೇಳಿದರೆ ನಗು ಬರುತ್ತೆ. ವಾಷಿಂಗ್ ಮಷೀನ್ ನೀರು ಬಿಡ್ತಿಲ್ಲ, ಬಂದು ನೋಡ್ತೀರಾ ಅಂತ ಹಲವರು. ಅಶೋಕನಗರದಿಂದ ಒಬ್ಬರು ಅಮ್ಮ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಕೇಳಿದರು. ಒಬ್ಬ ಹುಡುಗ "ಅಣ್ಣ, ನಿಮ್ಮಲ್ಲಿ ಕೆಲಸ ಇದೆಯಾ?" ಅಂದ. ಒಂದೊಂದು ಕ್ಲಿಕ್ಕಿಗೂ ದುಡ್ಡು ಕಟ್ ಆಗುತ್ತಿತ್ತು. ಬೇರೆ ಜಿಲ್ಲೆಗಳಿಂದಲೂ ಕರೆ. ಯಾಕೆ ಅಂತ ನೋಡಿದರೆ, ಲೊಕೇಶನ್ ಸೆಟ್ಟಿಂಗ್ ತಾನಾಗಿಯೇ ಊರಿನಲ್ಲಿ ಇರುವವರ ಜೊತೆಗೆ ಊರಿನ ಬಗ್ಗೆ ಆಸಕ್ತಿ ತೋರಿಸಿದವರನ್ನೂ ಸೇರಿಸಿಕೊಂಡಿರುತ್ತೆ. ಅದನ್ನು "ಇಲ್ಲಿ ಇರುವವರು ಮಾತ್ರ" ಅಂತ ಬದಲಾಯಿಸಿದೆ. ರಿಪೇರಿ, ಪ್ರೈಸ್, ಸೆಕೆಂಡ್ ಹ್ಯಾಂಡ್, ಜಾಬ್, ಕುಕ್ಕರ್ ಎಲ್ಲವನ್ನೂ ನೆಗೆಟಿವ್ ಕೀವರ್ಡಿಗೆ, ಅಂದರೆ ಜಾಹೀರಾತು ತೋರಿಸಬಾರದ ಪದಗಳ ಪಟ್ಟಿಗೆ, ಸೇರಿಸಿದೆ. ಕರೆ ಕಡಿಮೆಯಾದವು, ಬಂದವು ಸರಿಯಾಗಿ ಬಂದವು. ಆದರೂ 15-16 ಸಾವಿರ ಹಾಕಿದ್ದಕ್ಕೆ ಬಂದದ್ದು ಏಳೆಂಟು ಕೆಲಸ. ನಿಲ್ಲಿಸಿಬಿಟ್ಟೆ.

ಆದರೆ ಆ ದುಡ್ಡು ಪೂರ್ತಿ ದಂಡವಾಗಲಿಲ್ಲ. ಜನ ಏನು ಟೈಪ್ ಮಾಡಿ ನನ್ನ ಜಾಹೀರಾತಿಗೆ ಬಂದರು ಅನ್ನುವ ಪಟ್ಟಿ ಅದರಲ್ಲೇ ಸಿಗುತ್ತೆ ಅಲ್ವಾ, ಅದನ್ನು ಕೂತು ಓದಿದೆ. ಟೆರೇಸ್ ಪಾಚಿ, ಸಂಪ್ ಕ್ಲೀನಿಂಗ್, ಸಿಂಟೆಕ್ಸ್ ತೊಳೆಯುವವರು, ಟೈಲ್ಸ್ ಮೇಲಿನ ಸಿಮೆಂಟ್ ಕಲೆ, ಕಾಂಪೌಂಡ್ ಗೋಡೆ ಕಪ್ಪು. ಅರ್ಧ ಕನ್ನಡದಲ್ಲಿ, ಇನ್ನರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ. ಪ್ರೆಷರ್ ವಾಷಿಂಗ್ ಅಂತ ಹುಡುಕಿದವರು ಮಷೀನು ಕೊಳ್ಳುವವರೇ ಜಾಸ್ತಿ.

ಆ ಪಟ್ಟಿಯನ್ನೇ ಹಿಡಿದು ಗೂಗಲ್ ಬಿಸಿನೆಸ್ ಪ್ರೊಫೈಲನ್ನು, ಅಂದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ನಮ್ಮ ಹೆಸರು, ನಂಬರು ಕಾಣುವ ಪುಟವನ್ನು, ಪೂರ್ತಿ ತಿದ್ದಿದೆ. ಸರ್ವಿಸ್ ಅನ್ನುವ ಜಾಗದಲ್ಲಿ ಒಂದೊಂದು ತೊಂದರೆಗೂ ಒಂದೊಂದು ಸಾಲು, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ನನಗೆ ಅಂಗಡಿ ಇಲ್ಲ, ಅದಕ್ಕೆ ವಿಳಾಸ ಮುಚ್ಚಿಟ್ಟು ಸರ್ವಿಸ್ ಏರಿಯಾ ಹಾಕಿದೆ. 20 ಜಾಗದವರೆಗೂ ಹಾಕಬಹುದು. ಬಿಸಿನೆಸ್ ನಿಜವೇ ಅಂತ ಗೂಗಲ್ ವಿಡಿಯೊ ವೆರಿಫಿಕೇಶನ್ ಕೇಳಿದಾಗ ರಸ್ತೆಯ ಬೋರ್ಡು, ಗಾಡಿ, ಗಾಡಿಯೊಳಗಿನ ಮಷೀನು, ಪೈಪು ಎಲ್ಲ ಒಂದೇ ಶಾಟ್‌ನಲ್ಲಿ ತೋರಿಸಿದೆ. ಒಂದು ಎಚ್ಚರಿಕೆ: ಬಿಸಿನೆಸ್ ಹೆಸರಿನ ಜಾಗಕ್ಕೆ ಈ ಪದಗಳನ್ನೆಲ್ಲ ತುರುಕಬೇಡಿ. ನನಗೆ ಗೊತ್ತಿರುವ ಒಬ್ಬರದು ಹಾಗೆ ಮಾಡಿ ದಸರಾ ಹತ್ತಿರ ಸಸ್ಪೆಂಡ್ ಆಯಿತು, ಸೀಸನ್ ಪೂರ್ತಿ ಹೋಯಿತು. ಇನ್ನು ವೆಬ್‌ಸೈಟ್ ವಿಷಯ. ಗೂಗಲ್ ಪ್ರೊಫೈಲ್ ಜೊತೆ ಉಚಿತವಾಗಿ ಕೊಟ್ಟಿದ್ದ ವೆಬ್‌ಸೈಟನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಅದೇ ಲಿಂಕ್ ಇತ್ತು. ಮತ್ತೆ ಮಾಡಿಸಲಿಲ್ಲ, ಅದರಿಂದ ಒಂದು ಕರೆಯೂ ಕಡಿಮೆಯಾಗಲಿಲ್ಲ.

ರಿವ್ಯೂ ಕೇಳುವ ಹೊತ್ತು ಬಹಳ ಮುಖ್ಯ. ತೊಳೆದ ತಕ್ಷಣ ಟೆರೇಸ್ ಒದ್ದೆ ಇರುತ್ತೆ, ಪಾಚಿ ಹೋದ ಜಾಗವೂ ಕಪ್ಪಗೇ ಕಾಣುತ್ತೆ. ಮನೆಯವರು ಮೇಲೆ ಬಂದು ನೋಡಿ "ಅಷ್ಟೇನಾ?" ಅನ್ನುವ ಮುಖ ಮಾಡುತ್ತಾರೆ. ಆಗ ಬಾಯಿ ಬಿಡಬಾರದು. ಪೈಪು ಸುತ್ತಿ, ಗಾಡಿಗೆ ತುಂಬಿ, ಸ್ವಲ್ಪ ಹೊತ್ತು ತಳ್ಳಬೇಕು. ಬಿಸಿಲಿಗೆ ಒಂದು ಮೂಲೆ ಒಣಗಿ ಸಿಮೆಂಟಿನ ನಿಜವಾದ ಬಣ್ಣ ಮೇಲೆ ಬರುತ್ತೆ. ಆವಾಗ "ಸರ್, ಒಂದ್ಸಲ ಮೇಲೆ ಬನ್ನಿ" ಅಂತ ಕರೆದು, ಫೋಟೊ ಹೊಡೆದು, ರಿವ್ಯೂ ಬರೆಯುವ ಪುಟದ ಕ್ಯೂಆರ್ ಕಾರ್ಡ್ ಮುಂದಿಡುತ್ತೇನೆ. ಯಾವ ಏರಿಯಾ, ಏನು ತೊಳೆದದ್ದು ಅಂತ ಒಂದು ಸಾಲು ಬರೆಯೋಕೆ ಹೇಳುತ್ತೇನೆ. ಸುಮ್ನೆ "ಸೂಪರ್" ಅಂತ ಐದು ಸ್ಟಾರ್ ಕೊಡುವುದಕ್ಕಿಂತ "ಎಸ್.ಎಸ್. ಪುರಂ ನಮ್ಮ ಮನೆ ಸಂಪ್ ಚೆನ್ನಾಗಿ ತೊಳೆದರು" ಅನ್ನುವ ಒಂದು ಸಾಲು ನೋಡಿ ಅದೇ ಏರಿಯಾದವರು ಕರೆ ಮಾಡುತ್ತಾರೆ. ರಿವ್ಯೂಗೆ ಡಿಸ್ಕೌಂಟ್ ಕೊಡಲ್ಲ. ಅದು ಗೂಗಲ್ ನಿಯಮಕ್ಕೂ ವಿರುದ್ಧ, ಕೊಟ್ಟರೂ ಜನ ಬರೆಯುವುದು "ಸೂಪರ್" ಅಂತಲೇ.

ರೀಲ್ಸ್ ಕಥೆ ಬೇರೆ. ಕ್ಯಾತ್ಸಂದ್ರದ ಹತ್ತಿರ ಒಂದು ಕಪ್ಪಾದ ಕಾಂಪೌಂಡ್ ಗೋಡೆ. ನಾಜಲ್ ಹೋದ ಕಡೆಯೆಲ್ಲ ಒಂದು ಅಂಗೈ ಅಗಲದ ಬಿಳಿ ಪಟ್ಟಿ. ಹಾಡು ಹಾಕಲಿಲ್ಲ, ಮಷೀನಿನ ಸದ್ದೇ ಬಿಟ್ಟೆ. 40-50 ಸಾವಿರ ಜನ ನೋಡಿದರು. ಹುಬ್ಬಳ್ಳಿ, ಮಂಗಳೂರಿಂದೆಲ್ಲ "ಇಲ್ಲಿಗೆ ಬರ್ತೀರಾ ಬ್ರೋ?" ತುಮಕೂರಿಂದ ಒಂದೇ ಒಂದು ಕೆಲಸ. ಅದೇ ವಿಡಿಯೊ ಆ ಗೋಡೆಯ ಮನೆಯವರೇ ತಮ್ಮ ಲೇಔಟ್ ವಾಟ್ಸಾಪ್ ಗ್ರೂಪಿಗೆ ಹಾಕಿದರು ನೋಡಿ, ಆ ವಾರವೇ ನಾಲ್ಕು ಮನೆ ಸಿಕ್ಕಿತು. ನಾನು ಹಾಕಿದ್ದರೆ ಅಡ್ಮಿನ್ ತೆಗೆದುಹಾಕುತ್ತಿದ್ದರು. ಈಗ ಪ್ರತಿ ಕೆಲಸದಲ್ಲೂ ವಿಡಿಯೊ ಗಿರಾಕಿಗೇ ಕಳಿಸುತ್ತೇನೆ. ಅದೇ ರಸ್ತೆಯಲ್ಲಿ ಅವತ್ತೇ ಇನ್ನೊಂದು ಮನೆ ಸಿಕ್ಕರೆ ಇಬ್ಬರಿಗೂ 300 ಕಡಿಮೆ ಅಂತ ಜೊತೆಗೆ ಒಂದು ಮಾತು. ಗಾಡಿ ಹೇಗೂ ಅಲ್ಲೇ ನಿಂತಿರುತ್ತೆ.

ಹಳೇ ಗಿರಾಕಿಗಳಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜನ್ನು ಒಂದೇ ಸಲ ಹಲವರಿಗೆ ಬೇರೆಬೇರೆಯಾಗಿ ಕಳಿಸುವುದು. ಒಂದು ಪಟ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಸೇವ್ ಮಾಡಿಸೋಕೆ ನನ್ನದೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ. ಊರಲ್ಲಿ ಪೈಪೋಟಿಗೆ ಇನ್ನೂ ಮೂರ್ನಾಲ್ಕು ಮಷೀನು ಓಡುತ್ತಿವೆ. ಗೌರಿ ಗಣೇಶಕ್ಕೆ ಮುಂಚೆ ಒಂದು ಮೆಸೇಜ್, ದೀಪಾವಳಿಗೆ ಮುಂಚೆ ಒಂದು, ಯುಗಾದಿಗೆ ಒಂದು. ಅದಕ್ಕಿಂತ ಜಾಸ್ತಿ ಕಳಿಸಿದರೆ ಬ್ಲಾಕ್ ಮಾಡುತ್ತಾರೆ.

ನಡುವೆ ಸೋಲಾರ್ ಪ್ಯಾನೆಲ್ ಕೈಗೆತ್ತಿಕೊಂಡೆ. 2024ರಲ್ಲಿ ಮನೆ ಮೇಲೆ ಸೋಲಾರ್ ಹಾಕಿಸುವ ಕೇಂದ್ರದ ಯೋಜನೆ ಪಿಎಂ ಸೂರ್ಯಘರ್ ಬಂದು 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಅಂದಮೇಲೆ ನಮ್ಮ ಕಡೆಯೂ ಮನೆ ಮೇಲೆ ಪ್ಯಾನೆಲ್ ಕಾಣೋಕೆ ಶುರುವಾಯಿತು. ಅದಕ್ಕೆ ಪ್ರೆಷರ್ ಹೊಡೆಯಬಾರದು, ಬೋರ್ ನೀರು ಹಾಕಿ ಹಾಗೇ ಒಣಗಲು ಬಿಟ್ಟರೆ ಉಪ್ಪಿನ ಬಿಳಿ ಕಲೆ ಕೂರುತ್ತೆ. ಮೆತ್ತನೆ ಬ್ರಷ್, ಆರ್‌ಒ ನೀರು, ಬಿಸಿಲೇರುವ ಮುಂಚೆ. ಮನೆಗೆ 400 ರೂಪಾಯಿ, ಕೂಲಿಗೇ ಸರಿಹೋಗುತ್ತೆ. ಆದರೂ ಬಿಡಲಿಲ್ಲ, ಯಾಕೆಂದರೆ ಪ್ಯಾನೆಲ್ ತೊಳೆಯೋಕೆ ಮೇಲೆ ಹತ್ತಿದರೆ ಪಕ್ಕದ ಪಾಚಿ, ಟ್ಯಾಂಕ್ ಎರಡೂ ಕಣ್ಣಿಗೆ ಬೀಳುತ್ತವೆ. ಮೂರರಲ್ಲಿ ಒಂದು ಮನೆಯಲ್ಲಿ ದೊಡ್ಡ ಕೆಲಸ ಸಿಗುತ್ತೆ. ಅಂತರಸನಹಳ್ಳಿ, ವಸಂತನರಸಾಪುರದ ಫ್ಯಾಕ್ಟರಿಗಳಿಂದಲೂ ಆಯುಧ ಪೂಜೆಗೆ ಮುಂಚೆ ಕರೆ ಬರುತ್ತೆ. ಬಿಲ್ ದೊಡ್ಡದು, ದುಡ್ಡು ಬರೋದು ಒಂದೂವರೆ ತಿಂಗಳಿಗೆ.

ಬೇಸಿಗೆಯಲ್ಲಿ ಕರೆ ಪೂರ್ತಿ ಸತ್ತುಹೋಗುತ್ತಿತ್ತು. ಮಷೀನು ನಿಮಿಷಕ್ಕೆ 8-10 ಲೀಟರ್ ಕುಡಿಯುತ್ತೆ. ಹೇಮಾವತಿ ನೀರು ಯಾವಾಗ ಬರುತ್ತೋ ಅಂತ ಕಾಯುವ ಮನೆಯವರು ಟೆರೇಸಿಗೆ ಯಾಕೆ ಸುರಿಯುತ್ತಾರೆ? ಗಾಡಿಗೆ 500 ಲೀಟರ್ ಟ್ಯಾಂಕ್ ಕೂರಿಸಿ, ಪ್ರೊಫೈಲಿನ ಮೊದಲ ಫೋಟೊದಲ್ಲೇ "ನೀರು ನಮ್ಮದೇ" ಅಂತ ದಪ್ಪಕ್ಷರದಲ್ಲಿ ಬರೆಸಿದೆ. ಏಪ್ರಿಲ್‌ನಲ್ಲೂ ವಾರಕ್ಕೆ ಮೂರ್ನಾಲ್ಕು ಕೆಲಸ ಬರೋಕೆ ಶುರುವಾಯಿತು. ಟ್ಯಾಂಕ್ ಒಂದು ಗಂಟೆಗೆ ಖಾಲಿ, ಟೆರೇಸಿಗೆ ಎರಡು ಸಲ ತುಂಬಬೇಕು, ಅದಕ್ಕೆ 500 ಜಾಸ್ತಿ ತಗೊಳ್ತೇನೆ. ಕೊಡುತ್ತಾರೆ.

ಈಗ ಸರ್ವಿಸ್ ಏರಿಯಾಗೆ ಗುಬ್ಬಿ, ಶಿರಾ ಎರಡನ್ನೂ ಸೇರಿಸಿದ್ದೇನೆ. ಗುಬ್ಬಿ 20 ಕಿಲೋಮೀಟರ್, ಒಂದೇ ಮನೆ ಇದ್ದರೂ ಗಿಟ್ಟುತ್ತೆ. ಶಿರಾ 50ರ ಹತ್ತಿರ. ಅಲ್ಲಿಂದ ಕರೆ ಬಂದರೆ ಬೇಡ ಅನ್ನಲ್ಲ, ರೇಟೂ ಏರಿಸಲ್ಲ. "ನಿಮ್ಮ ಅಕ್ಕಪಕ್ಕ ಇನ್ನೊಂದು ಮನೆ ನೋಡಿಡಿ ಸರ್, ಭಾನುವಾರ ಬರ್ತೀನಿ" ಅನ್ನುತ್ತೇನೆ. ಹೆಚ್ಚಿನವರು ನೋಡಿಡುತ್ತಾರೆ.