ಹಿನ್ನೆಲೆ ಪರಿಶೀಲನೆಯಲ್ಲಿ ಕೆಲಸ ಕೈತಪ್ಪುವಂತಿದ್ದರೆ ಏನು ಮಾಡಬೇಕು?

ಸಂದರ್ಶನ ಮುಗಿದು, ಆಫರ್ ಪತ್ರವೂ ಕೈಸೇರಿದ ಮೇಲೆ 'ನಿಮ್ಮ ಹಿನ್ನೆಲೆ ಪರಿಶೀಲನೆಯಲ್ಲಿ ವ್ಯತ್ಯಾಸ ಕಂಡುಬಂದಿದೆ' ಎಂಬ ಎರಡು ಸಾಲಿನ ಇಮೇಲ್ ಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಕೆಲವರು ಕಂಪನಿಗೆ ಫೋನ್ ಮಾಡಿ ಗೋಗರೆಯುತ್ತಾರೆ. ಹೆಚ್ಚಿನವರು ಹಣೆಬರಹ ಎಂದು ಸುಮ್ಮನಾಗುತ್ತಾರೆ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಕಂಗೆಟ್ಟವರು ಹೀಗೆ ಕೈಚೆಲ್ಲುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಇಮೇಲ್ ಬಹುತೇಕ ಅಂತಿಮ ತೀರ್ಮಾನವಾಗಿರುವುದಿಲ್ಲ. ಉತ್ತರಿಸಲು ಕೆಲವೇ ದಿನಗಳ ಅವಕಾಶ ಇರುತ್ತದೆ, ಅದನ್ನು ಬಿಡಬಾರದು.

ಮೊದಲು: ನೇಮಕಾತಿ ಪತ್ರ, ಬಿಡುಗಡೆ ಪತ್ರ, ಕೊನೆಯ ಮೂರು ಸಂಬಳ ಚೀಟಿ, ಅಂಕಪಟ್ಟಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಕಡೆ ಇಡಿ.

ಎರಡನೆಯದು, ಖಾಲಿ ಅವಧಿ. ಕೆಲಸವಿಲ್ಲದ ತಿಂಗಳುಗಳನ್ನು ಮುಚ್ಚಲು ಹಳೆಯ ಕೆಲಸದ ದಿನಾಂಕವನ್ನು ಎಳೆಯಬೇಡಿ. 'ಸಿಬ್ಬಂದಿ ಕಡಿತದಲ್ಲಿ ಕೆಲಸ ಹೋಯಿತು, ಅಂದಿನಿಂದ ಹುಡುಕುತ್ತಿದ್ದೇನೆ' ಎಂಬ ಒಂದು ಸಾಲು ಸಾಕು. ಅದಕ್ಕಿಂತ ಹೆಚ್ಚು ವಿವರಿಸಲೇಬೇಡಿ. ದುಡ್ಡಿಗೆ ಸಿಗುವ ಅನುಭವ ಪತ್ರಗಳತ್ತ ತಿರುಗಿಯೂ ನೋಡಬೇಡಿ. ಪರಿಶೀಲಕರು ಪತ್ರದಲ್ಲಿರುವ ಸಂಖ್ಯೆಯನ್ನು ಬಿಟ್ಟು ಕಂಪನಿಯ ಸಂಪರ್ಕವನ್ನು ತಾವೇ ಹುಡುಕಿ ಕರೆ ಮಾಡುತ್ತಾರೆ. ಪರಿಶೀಲನಾ ಶುಲ್ಕ ಎಂದು ನಿಮ್ಮಿಂದ ಹಣ ಕೇಳಿದರೆ ಅದು ಮೋಸವೆಂದೇ ತಿಳಿದು ಅಲ್ಲಿಗೇ ನಿಲ್ಲಿಸಿ.

ಮೂರನೆಯದು, ವರದಿಯ ಪ್ರತಿ, ಅಂದರೆ ನಿಮ್ಮ ಹಿನ್ನೆಲೆ ಪರಿಶೀಲಿಸಿದ ಏಜೆನ್ಸಿ ಕಂಪನಿಗೆ ಕೊಟ್ಟ ವರದಿಯದು. ಎಲ್ಲರೂ ಎಡವುವುದು ಇಲ್ಲಿ. ವರದಿಯನ್ನು ಕಣ್ಣಾರೆ ಓದದೆ ಯಾವ ಸಮಜಾಯಿಷಿಯನ್ನೂ ಕೊಡಬೇಡಿ. ಇಮೇಲ್ ಬಂದ ದಿನವೇ ಪ್ರತಿ ಕೇಳಿ, ಅದೂ ಬರವಣಿಗೆಯಲ್ಲಿ. ಅಮೆರಿಕದಲ್ಲಿ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ಪ್ರಕಾರ, ಹೊರಗಿನ ಏಜೆನ್ಸಿಯ ವರದಿಯನ್ನು ಆಧರಿಸಿ ಕೆಲಸ ನಿರಾಕರಿಸುವ ಮೊದಲೇ ಕಂಪನಿ ಅದರ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕು. ಆದರೆ ಆಮೇಲೆ ಎಷ್ಟು ದಿನ ಕಾಯಬೇಕೆಂದು ಆ ಕಾಯ್ದೆ ನಿಗದಿಪಡಿಸಿಲ್ಲ. ನಾಳೆ ನೋಡೋಣ ಎಂದರೆ ಕೆಡುವುದು ಅದಕ್ಕೇ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮದಡಿ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪ್ರತಿ ಕೊಡಬೇಕು. ನಿಮ್ಮಲ್ಲಿ ಇಂಥ ಕಾನೂನು ಇರಲಿ ಬಿಡಲಿ, ಕೇಳುವುದರಿಂದ ನಷ್ಟವೇನಿಲ್ಲ.

ಪ್ರತಿ ಕೈಗೆ ಬಂದ ಮೇಲೆ ನಿಮ್ಮ ಅರ್ಜಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ. ವ್ಯತ್ಯಾಸ ಅನೇಕ ಸಲ ಇಷ್ಟೇ ಇರುತ್ತದೆ: ನೀವು ಜೂನ್ 30ಕ್ಕೆ ಬಿಟ್ಟೆ ಎಂದು ಬರೆದಿದ್ದೀರಿ, ಹಳೆಯ ಕಂಪನಿಯ ಕಡತದಲ್ಲಿ ರಾಜೀನಾಮೆ ಕೊಟ್ಟ ಮೇ 31 ಇದೆ. ಅಥವಾ ನಿಮ್ಮ ಹುದ್ದೆ 'ಹಿರಿಯ ಲೆಕ್ಕಿಗ' ಎಂದಿದ್ದರೆ ಅಲ್ಲಿ 'ಲೆಕ್ಕ ಸಹಾಯಕ' ಎಂದಿದೆ, ಬಡ್ತಿಯೇ ದಾಖಲಾಗಿಲ್ಲ. ನಿಮ್ಮದೇ ಹೆಸರಿನ ಇನ್ನೊಬ್ಬರ ಪೊಲೀಸ್ ಪ್ರಕರಣ ನಿಮ್ಮ ತಲೆಗೆ ಬಂದಿರುವುದೂ ಉಂಟು. ಆದ್ದರಿಂದ ಜನ್ಮದಿನಾಂಕ ಮತ್ತು ವಿಳಾಸವನ್ನು ಮೊದಲು ನೋಡಿ.

ಆಮೇಲೆ ಪತ್ರ. ಇದನ್ನು ಏಜೆನ್ಸಿ ಮತ್ತು ಕಂಪನಿ ಎರಡಕ್ಕೂ ಒಂದೇ ದಿನ ಕಳುಹಿಸಿ. ಏಜೆನ್ಸಿಗೆ ಮಾತ್ರ ಬರೆದವರ ದಾಖಲೆ ಸರಿಹೋಗುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿರುತ್ತದೆ. ಅಮೆರಿಕದಲ್ಲೇ ಏಜೆನ್ಸಿಗೆ ಮರುಪರಿಶೀಲನೆಗೆ ಸಾಮಾನ್ಯವಾಗಿ 30 ದಿನ ಸಮಯವಿದೆ. ಪತ್ರ ಹೀಗಿರಲಿ:

'ವರದಿಯ ಎರಡನೇ ಪುಟದಲ್ಲಿ ನನ್ನ ಕೊನೆಯ ದಿನ ಮೇ 31 ಎಂದಿದೆ. ಅದು ಜೂನ್ 30. ಬಿಡುಗಡೆ ಪತ್ರ ಮತ್ತು ಜೂನ್ ತಿಂಗಳ ಸಂಬಳ ಚೀಟಿಯನ್ನು ಲಗತ್ತಿಸಿದ್ದೇನೆ. ದಾಖಲೆ ತಿದ್ದುವವರೆಗೆ ನಿರ್ಧಾರವನ್ನು ತಡೆಹಿಡಿಯಬೇಕೆಂದು ಕೋರುತ್ತೇನೆ.'

ಇಷ್ಟೇ. ಮನೆಯ ಕಷ್ಟ ಬರೆಯಬೇಡಿ, ಕೋಪವನ್ನೂ ಬರೆಯಬೇಡಿ. ಕೊನೆಯ ಸಾಲನ್ನು ಮಾತ್ರ ಮರೆಯಬೇಡಿ. ತಪ್ಪು ನಿಮ್ಮದೇ ಆಗಿದ್ದರೆ ಅದನ್ನೂ ಇದೇ ಪತ್ರದಲ್ಲಿ ನೇರವಾಗಿ ಒಪ್ಪಿಕೊಂಡು ಸರಿಯಾದ ದಿನಾಂಕ ಕೊಡಿ.

ಸಾಲದ ದಾಖಲೆ ಅಡ್ಡ ಬಂದರೆ ಹಾದಿ ಕಷ್ಟ. ಸಂಬಳ ನಿಂತದ್ದಕ್ಕೆ ಕಂತು ಬಾಕಿಯಾಯಿತು, ಕಂತು ಬಾಕಿಯಿದೆ ಎಂದು ಕೆಲಸ ಕೊಡುವುದಿಲ್ಲ. ಇದಕ್ಕಿಂತ ಅನ್ಯಾಯ ಬೇರೆ ಬೇಕೆ? ನ್ಯೂಯಾರ್ಕ್ ನಗರ 2015ರಲ್ಲಿ ಬಹುತೇಕ ಹುದ್ದೆಗಳಿಗೆ ಇಂಥ ಪರಿಶೀಲನೆಯನ್ನೇ ನಿಷೇಧಿಸಿತು. ಹಣ ನಿರ್ವಹಿಸದ ಹುದ್ದೆಗೆ ನಿಮ್ಮ ಸಾಲದ ವಿವರ ಯಾಕೆ ಬೇಕೆಂದು ವಿನಯದಿಂದಲೇ ಬರೆದು ಕೇಳಿ. ಬಾಕಿ ನಿಜವಾಗಿದ್ದರೆ, ಕೆಲಸ ಹೋದ ತಿಂಗಳು ಮತ್ತು ಬಾಕಿ ಶುರುವಾದ ತಿಂಗಳು ಎರಡನ್ನೂ ಒಟ್ಟಿಗೆ ತೋರಿಸಿ, ಕಾರಣ ತಾನೇ ಕಾಣುತ್ತದೆ. 'ವಾರದೊಳಗೆ ಕ್ರೆಡಿಟ್ ಸ್ಕೋರ್ ಏರಿಸುತ್ತೇವೆ' ಎನ್ನುವವರಿಗೆ ಬಿಡಿಗಾಸೂ ಕೊಡಬೇಡಿ. ನಿಜವಾದ ಬಾಕಿಯನ್ನು ಅವರು ಅಳಿಸಲಾರರು, ಸುಳ್ಳು ನಮೂದನ್ನು ತಿದ್ದಿಸಲು ಅವರು ಬೇಕಾಗಿಲ್ಲ.

ಕೊನೆಯದು. ಉತ್ತರ ಬರುವವರೆಗೆ ಬೇರೆ ಸಂದರ್ಶನಗಳನ್ನು ನಿಲ್ಲಿಸಬೇಡಿ. ಈ ಕೆಲಸ ಹೋಗಿಯೇಬಿಟ್ಟರೂ ತಿದ್ದುಪಡಿಯ ಕೋರಿಕೆಯನ್ನು ಕೈಬಿಡಬೇಡಿ, ಏಕೆಂದರೆ ಮುಂದಿನ ಕಂಪನಿಯೂ ಅದೇ ಏಜೆನ್ಸಿಯ ಬಾಗಿಲು ತಟ್ಟಬಹುದು. ತಿದ್ದಿದ ವರದಿಯ ಪ್ರತಿಯನ್ನು ಕೇಳಿ ಪಡೆದು, ಮೊದಲ ಹೆಜ್ಜೆಯಲ್ಲಿ ಹೇಳಿದ ಕಾಗದಗಳ ಜೊತೆಗೆ ಸೇರಿಸಿಡಿ.