ಸ್ಟೆಂಟ್ ಹಾಕಿಸಿಕೊಂಡವರಿಗೆ ಅಲರ್ಜಿಯಾದರೆ ಏನು ಮಾಡಬೇಕು?

ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ) ಅಳವಡಿಸಿದ ಕೆಲವು ದಿನಗಳಲ್ಲಿ ಮೈಮೇಲೆ ದದ್ದು ಎದ್ದರೆ, ಹಲವರು ಹೊಸ ಮಾತ್ರೆಗಳನ್ನು ಅನುಮಾನಿಸಿ ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಅನುಮಾನ ನಿಜವಿರಬಹುದು, ಆದರೆ ನಿಲ್ಲಿಸುವುದು ಅಪಾಯ. ರಕ್ತನಾಳದ ಒಳಪದರ ಬೆಳೆದು ಸ್ಟೆಂಟಿನ ಲೋಹವನ್ನು ಮುಚ್ಚುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಆಸ್ಪಿರಿನ್ ಹಾಗೂ ಅದರ ಜೊತೆ ಕೊಡುವ ಕ್ಲೊಪಿಡೊಗ್ರೆಲ್‌ನಂತಹ ಔಷಧವೇ.

ಅಲರ್ಜಿಗೂ ಹೆಪ್ಪಿಗೂ ನೇರ ನಂಟೂ ಇದೆ. ಅಲರ್ಜಿ ಕೆರಳಿದಾಗ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳು ಹೊರಬಿಡುವ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಹೃದಯದ ರಕ್ತನಾಳವನ್ನು ಸಂಕುಚಿಸಬಲ್ಲವು, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳನ್ನೂ ಪ್ರಚೋದಿಸಬಲ್ಲವು. 1991ರಲ್ಲಿ ಗ್ರೀಸಿನ ವೈದ್ಯ ನಿಕೊಲಾಸ್ ಕೌನಿಸ್ ಮತ್ತು ಸಹೋದ್ಯೋಗಿ ವಿವರಿಸಿದ ಈ ಸ್ಥಿತಿಗೆ ಕೌನಿಸ್ ಸಿಂಡ್ರೋಮ್ ಎಂದು ಹೆಸರು. ಅಲರ್ಜಿಯಿಂದ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವುದು ಅದರ ಮೂರನೆಯ ಬಗೆ. ಇದು ಅಪರೂಪ, ಆದರೆ ಸಂಭವಿಸಿದಾಗ ಹೃದಯಾಘಾತವೇ ಆಗಬಹುದು.

ಎಚ್ಚರಿಕೆ ಚಿಕಿತ್ಸೆಗೆ ಮೊದಲೇ ಆರಂಭವಾಗಬೇಕು. ಅನೇಕ ಸ್ಟೆಂಟ್‌ಗಳ ಮಿಶ್ರಲೋಹದಲ್ಲಿ ನಿಕ್ಕಲ್ ಇರುತ್ತದೆ. ಆದ್ದರಿಂದ ಆಭರಣ, ಗಡಿಯಾರದ ಪಟ್ಟಿ ತಾಗಿದಲ್ಲಿ ತುರಿಕೆಯಾಗುತ್ತಿದ್ದರೆ, ಹಿಂದೆ ಆಸ್ಪಿರಿನ್ ಅಥವಾ ಎಕ್ಸ್‌ರೇಗೆ ಬಳಸುವ ಕಾಂಟ್ರಾಸ್ಟ್ ದ್ರವ ಒಗ್ಗದಿದ್ದರೆ, ಅದನ್ನು ಹೃದ್ರೋಗ ತಜ್ಞರಿಗೆ ತಿಳಿಸಬೇಕು. ನಿಕ್ಕಲ್ ಒಗ್ಗದ ಬಹುತೇಕರಿಗೆ ಸ್ಟೆಂಟಿನಿಂದ ತೊಂದರೆಯಾಗುವುದಿಲ್ಲವಾದ್ದರಿಂದ ಈ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ನಿರಾಕರಿಸುವುದು ಸರಿಯಲ್ಲ.

ಮನೆಗೆ ಬಂದ ಮೇಲೆ ಬರೀ ದದ್ದು, ತುರಿಕೆ ಕಂಡರೆ ಅದರ ಫೋಟೊ ತೆಗೆದು, ಆರಂಭವಾದ ದಿನ ಮತ್ತು ಸೇವಿಸಿದ ಔಷಧಗಳನ್ನು ಬರೆದಿಟ್ಟುಕೊಂಡು ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕು. ಮಾತ್ರೆ ಮುಂದುವರಿಸಿಯೇ ದದ್ದಿಗೆ ಚಿಕಿತ್ಸೆ ಕೊಡಬೇಕೇ, ಬದಲಿ ಔಷಧ ಕೊಡಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ದಂತವೈದ್ಯರು ಹಲ್ಲು ಕೀಳುವ ಮುನ್ನ ಈ ಮಾತ್ರೆ ನಿಲ್ಲಿಸಲು ಹೇಳಿದರೂ ಹೃದ್ರೋಗ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು.

ತುಟಿ ಅಥವಾ ನಾಲಿಗೆ ಊದುವುದು, ಉಸಿರು ಕಟ್ಟುವುದು, ತಲೆಸುತ್ತು ಕಾಣಿಸಿಕೊಂಡರೆ ಅಥವಾ ದದ್ದಿನೊಂದಿಗೆ ಎದೆ ಬಿಗಿಯುವುದು, ತಣ್ಣನೆಯ ಬೆವರು ಬಂದರೆ ಕಾಯದೆ ಆಂಬ್ಯುಲೆನ್ಸ್ ಕರೆಯಬೇಕು; ದದ್ದಿಲ್ಲದೆ ಎದೆನೋವು ಬಂದರೂ ಹೀಗೆಯೇ. ವಾಹನವನ್ನು ತಾವೇ ಓಡಿಸಿಕೊಂಡು ಹೋಗಬಾರದು. ಸಿಬ್ಬಂದಿಗೆ ಮೊದಲು ಹೇಳಬೇಕಾದ್ದು ಎರಡು: ಸ್ಟೆಂಟ್ ಇದೆ, ಅಲರ್ಜಿಯ ಲಕ್ಷಣವೂ ಇದೆ. ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಹೃದಯದ ಮೇಲೆ ಒತ್ತಡ ಹಾಕಬಲ್ಲದು, ಆದರೆ ಅದನ್ನು ಕೊಡದಿದ್ದರೆ ಪ್ರಾಣಕ್ಕೇ ಕುತ್ತಾಗಬಹುದು. ಈ ಲೆಕ್ಕಾಚಾರವನ್ನು ಎರಡೂ ಸಂಗತಿ ಗೊತ್ತಿರುವ ವೈದ್ಯರು ಮಾತ್ರ ಸರಿಯಾಗಿ ಮಾಡಬಲ್ಲರು. ಲಕ್ಷಣಗಳು ಆರಂಭವಾದ ಕೆಲವೇ ಗಂಟೆಗಳೊಳಗೆ ತೆಗೆದ ರಕ್ತದಲ್ಲಿ ಮಾಸ್ಟ್ ಕೋಶಗಳು ಹೊರಬಿಡುವ ಟ್ರಿಪ್ಟೇಸ್ ಎಂಬ ಕಿಣ್ವವನ್ನು ಅಳೆದರೆ ಅಲರ್ಜಿಯ ಸುಳಿವು ಸಿಗಬಹುದು. ಚೇತರಿಸಿಕೊಂಡ ಬಳಿಕ ಅಲರ್ಜಿ ತಜ್ಞರು ಯಾವುದು ಒಗ್ಗಲಿಲ್ಲವೆಂದು ಪತ್ತೆಹಚ್ಚಿದರೆ, ಆ ಹೆಸರನ್ನು ಆಸ್ಪತ್ರೆ ಕೊಡುವ, ಸ್ಟೆಂಟ್ ವಿವರವಿರುವ ಕಾರ್ಡಿನ ಜೊತೆ ಬರೆದಿಟ್ಟು ಪರ್ಸಿನಲ್ಲಿಯೇ ಇರಿಸಿಕೊಳ್ಳಬೇಕು.